ಸವಾರಿಗೂ ಮೊದಲು ಲದ್ದಿಯ ಬುಟ್ಟಿ: ಕುದುರೆ ಒಲವಿನ ಓದುಗರಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಎಂಟು ವರ್ಷದವನಿದ್ದಾಗ ಯಾರೋ ನನ್ನನ್ನು ಎತ್ತಿ ಕುದುರೆಯ ಬೆನ್ನ ಮೇಲೆ ಕೂರಿಸಿದ್ದರು. ಅಂದು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ನನಗೆ 53. ಮಕ್ಕಳು ದೊಡ್ಡವರಾಗಿದ್ದಾರೆ, ಸಮಯವೂ ಇದೆ. ಸವಾರಿ ಕಲಿತು ಒಂದು ಕುದುರೆ ಕೊಳ್ಳಬೇಕೆಂದಿದ್ದೇನೆ. ತಡವಾಯಿತೇ?

ಉತ್ತರ: ಇಲ್ಲ, ತಡವಾಗಿಲ್ಲ. ಐವತ್ತು ದಾಟಿದ ಮೇಲೆ ಜೀನಿನ ಮೇಲೆ ಕುಳಿತು ಚೆನ್ನಾಗಿ ಕಲಿತವರನ್ನು ನಾನು ನೋಡಿದ್ದೇನೆ. ಚಿಕ್ಕವರಿಗಿಲ್ಲದ ಒಂದು ಗುಣ ಅವರಲ್ಲಿರುತ್ತದೆ: ಆತುರವಿರುವುದಿಲ್ಲ. ಕುದುರೆಗೆ ಅದು ಬಹಳ ಇಷ್ಟ.

ಕೊಳ್ಳುವ ವಿಚಾರವನ್ನು ಮಾತ್ರ ಆರು ತಿಂಗಳು ಮುಂದೂಡಿ. ಅಷ್ಟು ಕಾಲ ಕುದುರೆಗಳಿರುವ ಒಂದು ಲಾಯಕ್ಕೆ ಹೋಗಿ ಕೆಲಸ ಮಾಡಿ. ವಾರಕ್ಕೆ ಎರಡು ದಿನ ಸವಾರಿಯ ಪಾಠವಿರಲಿ. ಉಳಿದ ದಿನ ಲದ್ದಿ ಎತ್ತಿ, ನೀರು ತುಂಬಿಸಿ, ಮೈ ಉಜ್ಜಿ, ಗೊರಸು ಕೆರೆದು ಬನ್ನಿ. ನಿಮ್ಮ ಆಸೆಯ ಗಟ್ಟಿತನವನ್ನು ಅಳೆಯಲೆಂದು ಹೀಗೆ ಹೇಳುತ್ತಿಲ್ಲ. ಕುದುರೆಯೊಂದಿಗಿನ ಬದುಕಿನ ಮುಕ್ಕಾಲು ಪಾಲು ನೆಲದ ಮೇಲೆಯೇ ನಡೆಯುತ್ತದೆ. ಅದರ ಪರಿಚಯ ಬೆಳೆಯುವುದೂ ಅಲ್ಲಿಯೇ.

ನನ್ನ ಬೆಳಗಿನ ಕ್ರಮ ಹೇಳುತ್ತೇನೆ. ಲಾಯದ ಬಾಗಿಲು ತೆರೆಯುವ ಮೊದಲು ಒಂದು ನಿಮಿಷ ಹೊರಗೇ ನಿಲ್ಲುತ್ತೇನೆ. ಕುದುರೆ ಹೇಗೆ ನಿಂತಿದೆ, ಯಾವ ಕಾಲಿಗೆ ವಿಶ್ರಾಂತಿ ಕೊಟ್ಟಿದೆ, ಕಿವಿಗಳು ಎತ್ತ ತಿರುಗಿವೆ ಎಂದು ನೋಡುತ್ತೇನೆ. ಹಿಂಗಾಲೊಂದನ್ನು ಸಡಿಲ ಬಿಟ್ಟು ನಿಂತಿದ್ದರೆ ಅದು ಆರಾಮದ ಭಂಗಿ. ಮುಂಗಾಲೊಂದನ್ನು ಮುಂದೆ ಚಾಚಿ ಭಾರ ತಪ್ಪಿಸುತ್ತಿದ್ದರೆ ಅಲ್ಲಿ ನೋವಿದೆ. ಆಮೇಲೆ ನೀರಿನ ತೊಟ್ಟಿ. ರಾತ್ರಿ ಎಷ್ಟು ಕುಡಿದಿದೆ? 450 ಕಿಲೋ ತೂಗುವ ಕುದುರೆಗೆ ದಿನಕ್ಕೆ 25ರಿಂದ 45 ಲೀಟರ್ ನೀರು ಬೇಕು. ಸೆಕೆಯಲ್ಲಿ, ಕೆಲಸದ ದಿನಗಳಲ್ಲಿ ಇನ್ನೂ ಹೆಚ್ಚು. ಆಮೇಲೆ ಲದ್ದಿ. ಎಷ್ಟು ಗುಡ್ಡೆ, ಉಂಡೆಗಳು ಗಟ್ಟಿಯಾಗಿವೆಯೇ, ಜಾಳಾಗಿವೆಯೇ, ಮೇಲೆ ಲೋಳೆ ಇದೆಯೇ ಎಂದು ಬುಟ್ಟಿಗೆ ತುಂಬುತ್ತಲೇ ನೋಡುತ್ತೇನೆ. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಲದ್ದಿ ಹಾಕುವ ಪ್ರಾಣಿ ಒಂದು ರಾತ್ರಿ ಎರಡೇ ಬಾರಿ ಹಾಕಿದ್ದರೆ ಆ ದಿನದ ಸವಾರಿಯನ್ನು ಮರೆಯಬೇಕು. ಲದ್ದಿ ಎತ್ತುವ ಕೆಲಸವನ್ನು ಯಾರಿಗೂ ಪೂರ್ತಿ ಒಪ್ಪಿಸಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಕೊನೆಗೆ ಗೊರಸು. ಹೆಗಲಿಂದ ಕೆಳಕ್ಕೆ ಕೈ ಸವರಿಕೊಂಡು ಹೋದರೆ ರೂಢಿಯಾದ ಕುದುರೆ ತಾನಾಗಿ ಕಾಲು ಎತ್ತಿಕೊಡುತ್ತದೆ. ಕೊಕ್ಕೆಯನ್ನು ಹಿಮ್ಮಡಿಯಿಂದ ಮುಂದಕ್ಕೆ ಎಳೆದು ಮಣ್ಣು, ಕಲ್ಲು ತೆಗೆಯಿರಿ. ನಡುವೆ ತ್ರಿಕೋನಾಕಾರದ ಮೆತ್ತನೆಯ ಭಾಗವಿದೆ. ಅದರ ಅಕ್ಕಪಕ್ಕದ ಸೀಳುಗಳಲ್ಲಿ ಕಪ್ಪಗೆ ಅಂಟಿಕೊಂಡು ಕೊಳೆತ ವಾಸನೆ ಬಂದರೆ ಕುದುರೆ ಒದ್ದೆಯಲ್ಲಿ ನಿಂತಿದೆ ಎಂದು ತಿಳಿಯಿರಿ. ಗೊರಸು ತಿಂಗಳಿಗೆ ಆರರಿಂದ ಹತ್ತು ಮಿಲಿಮೀಟರ್ ಬೆಳೆಯುತ್ತದೆ. ಲಾಳ ಇರಲಿ, ಇಲ್ಲದಿರಲಿ, ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಕಟ್ಟುವವರು ಬಂದು ಹೆರೆದು ಸಮ ಮಾಡಲೇಬೇಕು.

ಈ ಆರು ತಿಂಗಳು ಕಳೆದ ಮೇಲೂ ಬೆಳಿಗ್ಗೆ ಎದ್ದಾಗ ಕಾಲು ತಾನಾಗಿ ಲಾಯದ ಕಡೆ ಎಳೆದರೆ ಆಗ ಕೊಳ್ಳುವ ಮಾತು. ಹತ್ತು ದಾಟಿದ, ಸ್ವಭಾವ ನೆಲೆಗೊಂಡ ಕುದುರೆಯನ್ನೇ ಆರಿಸಿ. ಕುದುರೆ 25ರಿಂದ 30 ವರ್ಷ ಬದುಕುತ್ತದೆ; ನೀವು ಎಪ್ಪತ್ತಾಗುವವರೆಗೂ ಅದು ನಿಮ್ಮ ಜೊತೆಗಿರುತ್ತದೆ. ಕುದುರೆಮರಿಯನ್ನು ತಂದು ಅದರ ಜೊತೆ ತಾನೂ ಕಲಿಯುತ್ತೇನೆ ಎಂಬ ಆಸೆ ಅನೇಕರಿಗಿರುತ್ತದೆ. ದಯವಿಟ್ಟು ಬೇಡ. ಇಬ್ಬರಲ್ಲಿ ಒಬ್ಬರಿಗಾದರೂ ಪಾಠ ಬಂದಿರಬೇಕು. ಸವಾರನ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ಐದನೇ ಒಂದು ಭಾಗವನ್ನು ಮೀರಬಾರದು ಎಂಬುದು ನೆನಪಿರಲಿ. 450 ಕಿಲೋದ ಕುದುರೆಗೆ ಅದು 90 ಕಿಲೋ.

ಇನ್ನೊಂದು ಮಾತು. ‘ಒಂದು ಕುದುರೆ’ ಎಂದು ಬರೆದಿದ್ದೀರಿ. ಅದು ಹಿಂಡಿನ ಪ್ರಾಣಿ, ಒಂಟಿತನ ಅದಕ್ಕೆ ಶಿಕ್ಷೆ. ಬೇರೆ ಕುದುರೆಗಳಿರುವ ಲಾಯದಲ್ಲಿ ಜಾಗ ಹುಡುಕಿ, ಇಲ್ಲವೇ ಇನ್ನೊಂದಕ್ಕೂ ಅನುಕೂಲ ಮಾಡಿಕೊಳ್ಳಿ.

ಪ್ರಶ್ನೆ: ನನ್ನ ಕುದುರೆ ಬಾಗಿಲಿನ ಅಂಚಿಗೆ ಮುಂದಿನ ಹಲ್ಲೂರಿ, ಕತ್ತು ಬಿಗಿದು, ಗಕ್ಕೆಂದು ಸದ್ದು ಮಾಡುತ್ತಾ ಗಾಳಿ ನುಂಗುತ್ತದೆ. ಕತ್ತಿಗೆ ಬಿಗಿಯಾದ ಪಟ್ಟಿ ಕಟ್ಟಿದರೆ ಈ ಕೆಟ್ಟ ಚಟ ಬಿಡುತ್ತದೆ ಎನ್ನುತ್ತಾರೆ. ಬೇರೆ ಕುದುರೆಗಳೂ ಕಲಿತಾವು ಎಂಬ ಭಯವಿದೆ.

ಉತ್ತರ: ‘ಕೆಟ್ಟ ಚಟ’ ಎಂಬ ಮಾತನ್ನು ಮೊದಲು ಬಿಡಿ. ಆ ಮಾತು ತಪ್ಪನ್ನು ಕುದುರೆಯ ತಲೆಗೆ ಕಟ್ಟುತ್ತದೆ. ತಪ್ಪು ಹೆಚ್ಚಾಗಿ ನಾವು ಅದನ್ನು ಇಟ್ಟಿರುವ ರೀತಿಯಲ್ಲಿರುತ್ತದೆ.

ಕುದುರೆಯ ಹೊಟ್ಟೆಯ ಒಳಗನ್ನು ಸ್ವಲ್ಪ ನೋಡೋಣ. ಅಷ್ಟು ದೊಡ್ಡ ದೇಹಕ್ಕೆ ಜಠರ ತೀರ ಚಿಕ್ಕದು, ಎಂಟರಿಂದ ಹದಿನೈದು ಲೀಟರ್ ಅಷ್ಟೇ. ಬಯಲಲ್ಲಿ ಬಿಟ್ಟ ಕುದುರೆ ದಿನದ ಹದಿನಾರು ಗಂಟೆಯಷ್ಟು ಕಾಲ ಚೂರುಚೂರೇ ಮೇಯುತ್ತಾ, ನಡೆಯುತ್ತಾ ಇರುತ್ತದೆ. ಆ ರೂಢಿಗೆ ತಕ್ಕಂತೆ ಅದರ ಜಠರದಲ್ಲಿ ಆಮ್ಲ ಹಗಲಿರುಳೂ ಸುರಿಯುತ್ತದೆ, ತಿಂದರೂ ತಿನ್ನದಿದ್ದರೂ. ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಲಷ್ಟೇ ಬರುತ್ತದೆ. ಒಂದು ಕಿಲೋ ಒಣಹುಲ್ಲನ್ನು ಅಗಿಯಲು ಕುದುರೆಗೆ ಸುಮಾರು ನಲವತ್ತು ನಿಮಿಷ ಬೇಕು. ಒಂದು ಕಿಲೋ ಧಾನ್ಯ ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಒಂದು ಬಟ್ಟಲು ಧಾನ್ಯ, ಸಂಜೆ ಒಂದು ಬಟ್ಟಲು, ನಡುವೆ ನಾಲ್ಕು ಗೋಡೆ ಎಂದಾದರೆ ಆ ಉಳಿದ ಗಂಟೆಗಳಲ್ಲಿ ಬರಿಯ ಹೊಟ್ಟೆಯಲ್ಲಿ ಆಮ್ಲ ಕುದಿಯುತ್ತಿರುತ್ತದೆ, ಬಾಯಿಗೆ ಕೆಲಸವಿರುವುದಿಲ್ಲ, ಕಣ್ಣಿಗೆ ಒಡನಾಡಿ ಬೀಳುವುದಿಲ್ಲ. ಆಗ ಅದು ಬಾಗಿಲನ್ನು ಹಿಡಿಯುತ್ತದೆ.

ಅಂದ ಹಾಗೆ, ಅದು ಗಾಳಿಯನ್ನು ಹೊಟ್ಟೆ ತುಂಬ ನುಂಗುತ್ತದೆ ಎಂಬುದು ನಿಜವಲ್ಲ. ಎಕ್ಸ್‌ರೇ ಹಿಡಿದು ನೋಡಿದಾಗ ಗಾಳಿ ಬಹುಪಾಲು ಅನ್ನನಾಳದ ಮೇಲ್ಭಾಗಕ್ಕೆ ಹೊಕ್ಕು ಹಿಂದಕ್ಕೆ ಬರುತ್ತದೆ ಎಂದು ಗೊತ್ತಾಗಿದೆ. ಬೇರೆ ಕುದುರೆಗಳು ನೋಡಿ ಕಲಿಯುತ್ತವೆ ಎಂಬುದಕ್ಕೂ ಗಟ್ಟಿ ಆಧಾರವಿಲ್ಲ. ಒಂದೇ ಲಾಯದಲ್ಲಿ ಮೂರು ಕುದುರೆ ಹೀಗೆ ಮಾಡುತ್ತಿದ್ದರೆ ಮೂರಕ್ಕೂ ಒಂದೇ ಕೊರತೆ ಇದೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ.

ಪಟ್ಟಿ ಕಟ್ಟಬೇಡಿ. ಸಂಕಟಕ್ಕೆ ಅದು ಕಂಡುಕೊಂಡ ಒಂದೇ ದಾರಿಯನ್ನು ಮುಚ್ಚಿದಂತಾಗುತ್ತದೆ, ಸಂಕಟ ಒಳಗೇ ಉಳಿಯುತ್ತದೆ. ಬದಲಿಗೆ ಧಾನ್ಯ ತಗ್ಗಿಸಿ, ಒಣಹುಲ್ಲು ಹೆಚ್ಚಿಸಿ. ದೇಹತೂಕದ ಶೇಕಡ 1.5ರಿಂದ 2ರಷ್ಟು, ಅಂದರೆ 450 ಕಿಲೋದ ಕುದುರೆಗೆ ದಿನಕ್ಕೆ ಸುಮಾರು ಏಳರಿಂದ ಒಂಬತ್ತು ಕಿಲೋ ಒಣಹುಲ್ಲು ಸಿಗಬೇಕು. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿಟ್ಟರೆ ನಿಧಾನವಾಗಿ ಎಳೆದು ತಿನ್ನುತ್ತದೆ. ಬಾಯಿ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಬರಿದಾಗಿರದಂತೆ ನೋಡಿಕೊಳ್ಳಿ. ದಿನದ ಹೆಚ್ಚು ಹೊತ್ತು ಇನ್ನೊಂದು ಕುದುರೆಯ ಜೊತೆ ಹೊರಗೆ ಬಿಡಿ. ಈ ಬದಲಾವಣೆಯನ್ನು ಎರಡು ವಾರದಲ್ಲಿ ಹಂತಹಂತವಾಗಿ ಮಾಡಿ. ಮೇವು ಒಮ್ಮೆಲೇ ಬದಲಾದರೆ ದೊಡ್ಡ ಕರುಳಿಗೆ ತಡೆಯದು. ಜಠರದಲ್ಲಿ ಹುಣ್ಣು ಇದೆಯೇ ಎಂದು ವೈದ್ಯರಿಂದ ನೋಡಿಸಿ.

ಇಷ್ಟೆಲ್ಲ ಮಾಡಿದರೂ ವರ್ಷಗಳ ಅಭ್ಯಾಸ ಪೂರ್ತಿ ಹೋಗದಿರಬಹುದು. ಅಲ್ಲಿ ಇಲ್ಲಿ ಸ್ವಲ್ಪ ಉಳಿದರೆ ಇರಲಿ ಬಿಡಿ. ಬಾಗಿಲಿನ ಮರ ಸವೆದರೆ ಬೇರೆ ಹಲಗೆ ಹಾಕಬಹುದು.

ಪ್ರಶ್ನೆ: ಹೊಟ್ಟೆಶೂಲೆಯೋ ಬರಿಯ ಆಯಾಸವೋ ಎಂದು ಹೇಗೆ ತಿಳಿಯುವುದು? ರಾತ್ರಿ ವೈದ್ಯರನ್ನು ಸುಮ್ಮನೆ ಎಬ್ಬಿಸಲು ಸಂಕೋಚ.

ಉತ್ತರ: ಎಬ್ಬಿಸಿ. ನನ್ನ ಮೊದಲ ಹೆಣ್ಣು ಕುದುರೆಯನ್ನು ನಾನು ಕಳೆದುಕೊಂಡಿದ್ದು ಈ ಸಂಕೋಚದಿಂದಲೇ. ಆಗ ನಾನಿನ್ನೂ ವೈದ್ಯನಾಗಿರಲಿಲ್ಲ. ಸಂಜೆ ಅದು ಮೇವು ಮುಟ್ಟದೆ ನಿಂತಿತ್ತು, ಒಂದೆರಡು ಸಲ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿತು. ದಣಿದಿದೆ ಎಂದುಕೊಂಡು ಮೂರು ಗಂಟೆ ಕಾದೆ. ಆ ಹೊತ್ತಿಗೆ ಕರುಳು ತಿರುಚಿಕೊಂಡಿತ್ತು.

ಪಕ್ಕೆ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮೇಲ್ದುಟಿ ಸುರುಟುವುದು, ಮಲಗಿ ಎದ್ದು ಮಲಗಿ ಹೊರಳುವುದು, ಕಾರಣವಿಲ್ಲದೆ ಬೆವರುವುದು, ಲದ್ದಿ ನಿಲ್ಲುವುದು: ಇವುಗಳಲ್ಲಿ ಎರಡು ಕಂಡರೂ ಕರೆ ಮಾಡಿ. ಕರೆ ಮಾಡುವಾಗ ನಾಡಿ ಎಷ್ಟೆಂದು ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ದವಡೆಯ ಒಳಬದಿಯಲ್ಲಿ ಹುರಿಯಂತೆ ಜಾರುವ ರಕ್ತನಾಳ ಬೆರಳಿಗೆ ಸಿಗುತ್ತದೆ. ಸುಮ್ಮನಿರುವ ಕುದುರೆಯಲ್ಲಿ ಅದು ನಿಮಿಷಕ್ಕೆ 28ರಿಂದ 44 ಬಾರಿ ಮಿಡಿಯುತ್ತದೆ. 60 ದಾಟಿದ್ದರೆ ಪರಿಸ್ಥಿತಿ ಗಂಭೀರ. ಆರೋಗ್ಯದ ದಿನಗಳಲ್ಲೇ ಹಿಡಿದು ನೋಡಿ ರೂಢಿ ಮಾಡಿಕೊಳ್ಳಿ, ಕತ್ತಲಲ್ಲಿ ಗಾಬರಿಯ ಕೈಗೆ ಅದು ಸಿಗುವುದಿಲ್ಲ.

ವೈದ್ಯರು ಬರುವವರೆಗೆ ಮೇವು ತೆಗೆದುಬಿಡಿ. ಹೊರಳಲು ನೋಡಿದರೆ ನಿಧಾನವಾಗಿ ನಡೆಸಿ; ಸುಮ್ಮನೆ ಮಲಗಿದ್ದರೆ ಮಲಗಲಿ, ಗಂಟೆಗಟ್ಟಲೆ ನಡೆಸಿ ಸುಸ್ತು ಮಾಡಬೇಡಿ. ಬಾಯಿಗೆ ಎಣ್ಣೆ ಸುರಿಯುವ ಅಭ್ಯಾಸ ಕೆಲವರಲ್ಲಿದೆ. ಖಂಡಿತ ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕುದುರೆಗೆ ವಾಂತಿ ಮಾಡಲು ಬಾರದು, ಒಳಗೆ ಹೋದದ್ದು ಹಿಂದಕ್ಕೆ ಬರುವ ದಾರಿಯೇ ಇಲ್ಲ. ನೋವಿನ ಮದ್ದನ್ನೂ ಕೇಳದೆ ಕೊಡಬೇಡಿ.

ಪ್ರಶ್ನೆ: ನನ್ನ ಕುದುರೆಗೆ ನಿಜವಾಗಿಯೂ ನನ್ನ ಮೇಲೆ ಪ್ರೀತಿ ಇದೆಯೇ ಅಥವಾ ಮೇವಿಗಾಗಿ ಮಾತ್ರ ಬರುತ್ತದೆಯೇ?

ಉತ್ತರ: ಪ್ರೀತಿಯನ್ನು ಅಳೆಯುವ ಉಪಕರಣ ನನ್ನ ಚೀಲದಲ್ಲಿಲ್ಲ. ಆದರೆ ಕುದುರೆ ನಿಮ್ಮನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತದೆ ಎಂಬುದು ಚೆನ್ನಾಗಿ ಗೊತ್ತು. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಎಂದು ಹೆಸರಾಗಿತ್ತು. ಕೇಳಿದ ಲೆಕ್ಕದ ಉತ್ತರ ಎಷ್ಟೋ ಅಷ್ಟು ಸಲ ನೆಲಕ್ಕೆ ಗೊರಸು ಬಡಿದು ನಿಲ್ಲಿಸುತ್ತಿತ್ತು. 1907ರಲ್ಲಿ ಮನೋವಿಜ್ಞಾನಿ ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿ ನೋಡಿದರು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಎದುರಿಗಿದ್ದವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಹಾಗೆ ಅಲುಗಿದ್ದು ಆ ಮನುಷ್ಯನಿಗೇ ತಿಳಿದಿರಲಿಲ್ಲ. ಲೆಕ್ಕ ಬರುವುದಕ್ಕಿಂತ ಇದು ದೊಡ್ಡ ವಿದ್ಯೆ ಎಂದೇ ನನ್ನ ಭಾವನೆ. ಮನೆಯಲ್ಲಿ ಜಗಳವಾಡಿ ಲಾಯಕ್ಕೆ ಬಂದ ದಿನ ಕುದುರೆ ಏಕೆ ಹತ್ತಿರ ಬರಲಿಲ್ಲ ಎಂಬುದಕ್ಕೆ ಉತ್ತರವೂ ಇದರಲ್ಲಿದೆ.

ಇನ್ನು ನೀವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ. ಖಾಲಿ ಕೈಯಲ್ಲಿ ಹೋಗಿ. ಎದುರಿನಿಂದಲೂ ಬೇಡ, ಹಿಂದಿನಿಂದಲೂ ಬೇಡ, ಹೆಗಲ ಪಕ್ಕದಿಂದ ಹೋಗಿ. ಕುದುರೆಗೆ ಸುತ್ತಲೂ ಕಾಣುತ್ತದಾದರೂ ಬಾಲದ ನೇರ ಹಿಂದೆ ಮತ್ತು ಹಣೆಯ ತೀರ ಮುಂದೆ ಕಾಣುವುದಿಲ್ಲ. ಕತ್ತು ಬೆನ್ನಿಗೆ ಸೇರುವಲ್ಲಿ, ಕೇಸರ ಮುಗಿಯುವ ಉಬ್ಬಿನಲ್ಲಿ, ಬೆರಳ ತುದಿಯಿಂದ ಗಟ್ಟಿಯಾಗಿ ತುರಿಸಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲಿಯೇ. ಅಲ್ಲಿ ತುರಿಸಿದಾಗ ಎದೆಬಡಿತ ಇಳಿಯುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. ಸ್ವಲ್ಪ ಹೊತ್ತಿಗೆ ಕತ್ತು ತಗ್ಗುತ್ತದೆ, ಕಣ್ಣು ಅರೆಮುಚ್ಚುತ್ತದೆ, ಮೇಲ್ದುಟಿ ಉದ್ದವಾಗಿ ಅದುರತೊಡಗುತ್ತದೆ. ಕೆಲವು ಕುದುರೆಗಳು ಕತ್ತು ತಿರುಗಿಸಿ ನಿಮ್ಮ ಅಂಗಿಯ ಬೆನ್ನನ್ನು ತುಟಿಯಿಂದ ಉಜ್ಜಲು ಬರುತ್ತವೆ. ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿಯಿರಿ. ನಿಮ್ಮನ್ನು ಹಿಂಬಾಲಿಸಿ ಅದೂ ಎರಡು ಹೆಜ್ಜೆ ಬಂದರೆ, ನಿಮ್ಮ ಕೈಯಲ್ಲಿ ಮೇವಿಲ್ಲ ಎಂಬುದು ಅದಕ್ಕೆ ಗೊತ್ತಿದ್ದೇ ಬಂದಿದೆ.

ಪ್ರಶ್ನೆ: ನನ್ನ ಕುದುರೆಗೆ 27 ವರ್ಷ. ಹುಲ್ಲನ್ನು ಅಗಿದು ಉಂಡೆ ಮಾಡಿ ಉಗುಳುತ್ತದೆ, ಸೊರಗಿದೆ. ಕುದುರೆ ನಿಂತೇ ನಿದ್ರಿಸುತ್ತದಲ್ಲವೇ? ಇದು ಈಚೆಗೆ ನಿಂತಲ್ಲಿಯೇ ತೂಕಡಿಸಿ ಮುಗ್ಗರಿಸುತ್ತಿದೆ. ವಿದಾಯದ ಕಾಲ ಬಂತೇ ಎಂದು ಹೇಗೆ ತಿಳಿಯಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮೊದಲು ಹಲ್ಲಿನ ವಿಚಾರ. ಕುದುರೆಯ ದವಡೆ ಹಲ್ಲು ಜೀವಮಾನವಿಡೀ ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಸವೆಯುತ್ತಾ, ಒಳಗಿನಿಂದ ಅಷ್ಟೇ ಹೊರಬರುತ್ತಾ ಇರುತ್ತದೆ. ಈ ವಯಸ್ಸಿಗೆ ಒಳಗಿನ ದಾಸ್ತಾನು ತೀರಿರುತ್ತದೆ. ವೈದ್ಯರಿಂದ ಬಾಯಿ ನೋಡಿಸಿ, ಚೂಪಾದ ಅಂಚುಗಳನ್ನು ಅರದಿಂದ ಉಜ್ಜಿಸಿ. ಮೇವನ್ನು ಪುಡಿ ಅಥವಾ ಗುಳಿಗೆಯ ರೂಪದಲ್ಲಿ ತಂದು, ನೀರಿನಲ್ಲಿ ನೆನೆಸಿ, ಗಂಜಿಯಂತೆ ಮಾಡಿ ದಿನಕ್ಕೆ ನಾಲ್ಕೈದು ಬಾರಿ ಕೊಡಿ. ಹೀಗೆ ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ಬದುಕಿದ ಕುದುರೆಗಳಿವೆ.

ಮುಗ್ಗರಿಸುವುದು ನನಗೆ ಹೆಚ್ಚು ಚಿಂತೆಯ ಸಂಗತಿ. ಕುದುರೆ ಕಾಲಿನ ಕೀಲುಗಳನ್ನು ಬಿಗಿದುಕೊಂಡು ನಿಂತೇ ತೂಕಡಿಸುವುದು ನಿಜ, ಆದರೆ ಗಾಢನಿದ್ರೆಗೆ ದಿನಕ್ಕೆ ಅರ್ಧದಿಂದ ಒಂದು ಗಂಟೆಯಾದರೂ ಅದು ಮಲಗಲೇಬೇಕು. ಕೀಲುನೋವಿನಿಂದ, ಮಲಗಿದರೆ ಏಳಲಾರೆನೆಂಬ ಅಂಜಿಕೆಯಿಂದ ಮುದಿ ಕುದುರೆಗಳು ಮಲಗುವುದನ್ನೇ ಬಿಡುತ್ತವೆ. ಮುಂಗಾಲುಗಳಲ್ಲಿ ಗೊರಸಿನ ಮೇಲಿನ ಕೀಲಿನ ಮುಂಭಾಗವನ್ನು ನೋಡಿ. ಅಲ್ಲಿ ತರಚುಗಾಯಗಳಿದ್ದರೆ ಅದು ನಿದ್ರೆಗೆಟ್ಟು ಕುಸಿಯುತ್ತಿದೆ. ದಪ್ಪನೆಯ ಒಣ ಹಾಸಿಗೆ ಮಾಡಿ, ಜೊತೆಗಾರ ಕುದುರೆಯನ್ನು ಕಣ್ಣಿಗೆ ಕಾಣುವಂತೆ ಕಟ್ಟಿ, ವೈದ್ಯರು ಹೇಳಿದ ನೋವಿನ ಮದ್ದು ಕೊಟ್ಟು ಎರಡು ವಾರ ನೋಡಿ. ಬೆಳಿಗ್ಗೆ ಅದರ ಪಕ್ಕೆಗೆ ಹಾಸಿಗೆಯ ಹುಲ್ಲು ಅಂಟಿದ್ದರೆ ಮಲಗಿದೆ ಎಂದು ಅರ್ಥ.

ಅಷ್ಟಾದರೂ ಮಲಗದಿದ್ದರೆ, ಗಂಜಿ ತಿಂದೂ ಸೊರಗುತ್ತಿದ್ದರೆ, ವೈದ್ಯರ ಜೊತೆ ಕುಳಿತು ದಿನ ಗೊತ್ತು ಮಾಡಿ. ಬಿದ್ದು ಏಳಲಾಗದೆ ರಾತ್ರಿಯೆಲ್ಲ ಒದ್ದಾಡುವ ಮೊದಲೇ ಆ ದಿನ ಬರಲಿ. ಅದಕ್ಕೆ ಇಷ್ಟವಾದ ಜಾಗದಲ್ಲಿ, ಮೇಯುತ್ತಿರುವಾಗಲೇ, ನೀವು ಹತ್ತಿರವಿದ್ದು ನಡೆಯಲಿ.

ಜೊತೆಗಾರ ಕುದುರೆಯನ್ನು ದೂರ ಒಯ್ಯಬೇಡಿ. ನನ್ನ ಮುದಿ ಗಂಡು ಕುದುರೆ ಹೋದ ದಿನ, ಅದರೊಂದಿಗೆ ಹನ್ನೊಂದು ವರ್ಷ ಮೇದಿದ್ದ ಹೆಣ್ಣು ಕುದುರೆಯನ್ನು ಹತ್ತಿರ ಬಿಟ್ಟೆವು. ಅದು ಮೂಗಿನಿಂದ ಕತ್ತು, ಹೊಟ್ಟೆ, ಗೊರಸುಗಳನ್ನೆಲ್ಲ ಮೂಸಿತು. ಮುಂಗಾಲಿನಿಂದ ಒಮ್ಮೆ ಮೆಲ್ಲಗೆ ತಟ್ಟಿತು. ಸುಮಾರು ಅರ್ಧ ಗಂಟೆ ಪಕ್ಕದಲ್ಲೇ ನಿಂತಿದ್ದು, ಆಮೇಲೆ ತಲೆ ತಗ್ಗಿಸಿ ಮೇಯುತ್ತಾ ದೂರ ಹೋಯಿತು. ಆ ರಾತ್ರಿ ಅದು ಒಮ್ಮೆಯೂ ಕೆನೆದು ಕರೆಯಲಿಲ್ಲ.