ನ್ಯುಮೋನಿಯಾ ಆದವರಿಗೆ ಬ್ಲಾಕ್ ಇಲ್ಲದೆಯೂ ಹೃದಯ ದುರ್ಬಲವಾಗುವುದು ಯಾಕೆ?

ಜಗಳೂರಿನಿಂದ ನೀವು ಕೇಳಿರುವುದು ಇಷ್ಟು: ಅತ್ತೆಯವರಿಗೆ ನ್ಯುಮೋನಿಯಾ, ಜೊತೆಗೆ ಎದೆನೋವು. ದಾವಣಗೆರೆಯಲ್ಲಿ ಆಂಜಿಯೋಗ್ರಾಂ ಮಾಡಿದರೆ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇಲ್ಲ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಮಾತ್ರ ಪಂಪಿಂಗ್ ಕಡಿಮೆ. "ಮನೇಲಿ ಯಾವ ಚಿಂತೆಯೂ ಇರಲಿಲ್ಲ, ಡಾಕ್ಟರು ಸ್ಟ್ರೆಸ್ ಅಂತಾರಲ್ಲ?"

ಇಲ್ಲಿ ಸ್ಟ್ರೆಸ್ ಅಂದರೆ ದೇಹಕ್ಕೆ ಬಿದ್ದ ಹೊಡೆತವೂ ಹೌದು. ದಯವಿಟ್ಟು ಯಾರು ಅವರ ಮನಸ್ಸು ನೋಯಿಸಿದರು ಎಂದು ಮನೆಯಲ್ಲಿ ಹುಡುಕಬೇಡಿ. ತೀವ್ರ ಸೋಂಕು, ಜ್ವರ, ಆಮ್ಲಜನಕದ ಕೊರತೆ ಸೇರಿದಾಗ ಅಡ್ರಿನಲಿನ್ ಥರದ ಹಾರ್ಮೋನುಗಳು ರಕ್ತದಲ್ಲಿ ಒಮ್ಮೆಲೇ ಏರುತ್ತವೆ. ಆ ಹೊಡೆತಕ್ಕೆ ಹೃದಯದ ಎಡ ಕೆಳಕೋಣೆಯ ಸ್ನಾಯು, ಹೆಚ್ಚಾಗಿ ಅದರ ತುದಿ, ತಾತ್ಕಾಲಿಕವಾಗಿ ಸ್ತಬ್ಧವಾಗಿ ಬಲೂನಿನಂತೆ ಉಬ್ಬುತ್ತದೆ. 1990ರಲ್ಲಿ ಜಪಾನಿನ ವೈದ್ಯರು ಇದನ್ನು ಟಾಕೊಟ್ಸುಬೊ ಎಂದು ಕರೆದರು. ರೋಗಿಗಳಲ್ಲಿ ಸುಮಾರು 90% ಹೆಂಗಸರು, ಬಹುಪಾಲು ಮುಟ್ಟು ನಿಂತವರು.

ಇಸಿಜಿ, ಟ್ರೋಪೋನಿನ್ (ಹೃದಯ ಸ್ನಾಯುವಿಗೆ ಪೆಟ್ಟಾದರೆ ಏರುವ ಅಂಶದ ರಕ್ತಪರೀಕ್ಷೆ) ಎರಡೂ ಹಾರ್ಟ್ ಅಟ್ಯಾಕಿನ ಹಾಗೇ ತೋರಿಸುವುದರಿಂದ ಆಂಜಿಯೋಗ್ರಾಂ ಅನಗತ್ಯವಾಗಿರಲಿಲ್ಲ. ಸೋಂಕು ನೇರವಾಗಿ ಹೃದಯ ಸ್ನಾಯುವಿಗೇ ತಗುಲಿ ಊತ ತಂದಿದೆಯೇ ಎಂಬುದನ್ನೂ ವೈದ್ಯರು ನೋಡುತ್ತಾರೆ.

ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಪಂಪಿಂಗ್ ಮರಳುತ್ತದೆ. ಆದರೆ ಮೊದಲ ದಿನಗಳು ನಿಜಕ್ಕೂ ಅಪಾಯದವು: ಬಿಪಿ ಕುಸಿಯಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು, ಬಡಿತ ತಪ್ಪಬಹುದು. ಹಾಗಾಗಿ ಐಸಿಯುನಿಂದ ಬೇಗ ಕರೆದೊಯ್ಯಲು ಒತ್ತಾಯಿಸಬೇಡಿ. ಆಂಟಿಬಯೋಟಿಕ್ ಕೋರ್ಸ್ ಪೂರ್ತಿ ಮುಗಿಸಿ. ಮೂಲ ಸೋಂಕು ಇಳಿಯದೆ ಹೃದಯಕ್ಕೆ ಬಿಡುವಿಲ್ಲ. ಡಾಕ್ಟರು ಹೇಳಿದ ದಿನ ಎಕೋ ಮತ್ತೆ ಮಾಡಿಸಿ. ಊರಿಗೆ ಬಂದ ಮೇಲೆ ಎದೆನೋವು, ಉಸಿರುಕಟ್ಟು ಮರುಕಳಿಸಿದರೆ ಗ್ಯಾಸ್ ಮಾತ್ರೆ ಕೊಟ್ಟು ಕಾಯದೆ 108ಕ್ಕೆ ಕರೆ ಮಾಡಿ.