ನಿನ್ನೆ ಕುಡಿದ ಸಾರಾಯಿಗೆ ಇವತ್ತು ಕಣ್ಣು ಮಂಜಾದರೆ ಮಲಗಿಸಿದರೆ ಸಾಕಾ?

ಮಾವ ನಿನ್ನೆ ಸಂಜೆ ಡೆಂಕಣಿಕೋಟೆ ಹತ್ತಿರ ಯಾರೋ ಕೊಟ್ಟ ಸಾರಾಯಿ ಕುಡಿದರು, ರಾತ್ರಿ ಚೆನ್ನಾಗೇ ನಿದ್ದೆ ಮಾಡಿದರು, ಈಗ ತಲೆನೋವು, ವಾಂತಿ, ಕಣ್ಣು ಮಂಜು ಅಂತ ಬರೆದಿದ್ದೀರಿ. ಮಜ್ಜಿಗೆ ಕುಡಿಸಿ ಮಲಗಿಸಿದರೆ ಸಾಲದು. ಮೊದಲು 108ಕ್ಕೆ ಫೋನ್ ಮಾಡಿ, ಉಳಿದದ್ದನ್ನು ದಾರಿಯಲ್ಲಿ ಓದಿ.

ನಾನು ಹೊಸೂರು ಕಡೆ ನರ್ಸ್. 2008ರ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಗಡಿಯ ಎರಡೂ ಕಡೆ ಕಳ್ಳ ಸಾರಾಯಿಗೆ ನೂರಕ್ಕೂ ಜಾಸ್ತಿ ಜನ ಸತ್ತಾಗ ನಾನಿನ್ನೂ ಹೊಸಬಳು. ಹೊಸೂರು ಹತ್ತಿರದ ತಳಿ ಅನ್ನೋ ಊರಿನ ಕಡೆಯವರೊಬ್ಬರು ನಡೆದುಕೊಂಡೇ ಬಂದರು. ಮಧ್ಯಾಹ್ನ ಹನ್ನೆರಡು ಗಂಟೆ. "ಏನಮ್ಮಾ, ಮಂಜು ಇನ್ನೂ ಬಿಟ್ಟೇ ಇಲ್ಲ" ಅಂದರು. ತಳಿಯವರಿಗೆ ಮಂಜು ಹೊಸದಲ್ಲ, ಆದರೆ ಮೇ ತಿಂಗಳ ನಡುಮಧ್ಯಾಹ್ನ? ಮಾತು ತೊದಲುತ್ತಿರಲಿಲ್ಲ. ಬೆಟ್ಟ ಹತ್ತಿ ಬಂದವರ ಹಾಗೆ ಉಸಿರು ಮಾತ್ರ ಜೋರಾಗಿ ಎಳೆಯುತ್ತಿದ್ದರು. ಮನೆಯವರು ನಾಚಿಕೆಗೆ "ಬರೀ ಜ್ವರ" ಅಂದುಬಿಟ್ಟರು. ಅದರಲ್ಲೇ ಎರಡು ಗಂಟೆ ಹೋಯಿತು. ಜೀವ ಉಳಿಯಿತು, ಕಣ್ಣು ಪೂರ್ತಿ ಬರಲಿಲ್ಲ.

ಇಂಥ ಕಳ್ಳ ಸಾರಾಯಿಯಲ್ಲಿ ಮಿಥೆನಾಲ್ ಅನ್ನೋ ವಿಷದ ಆಲ್ಕೋಹಾಲ್ ಸೇರಿರಬಹುದು. ಅದನ್ನು ಕುಡಿದ ಹೊತ್ತಿಗೆ ಬರೀ ಅಮಲು. ಲಿವರ್ ಅದನ್ನು ನಿಧಾನವಾಗಿ ಫಾರ್ಮಿಕ್ ಆಸಿಡ್ ಮಾಡುತ್ತದೆ. ಕಣ್ಣಿನ ನರ ಹಾಳು ಮಾಡುವುದು, ಉಸಿರು ಏರಿಸುವುದು ಈ ಆಸಿಡ್. ಅದಕ್ಕೇ ಸಾಮಾನ್ಯವಾಗಿ 12ರಿಂದ 24 ಗಂಟೆ ಏನೂ ಗೊತ್ತಾಗುವುದಿಲ್ಲ. ಜತೆಗೆ ಮಾಮೂಲಿ ಮದ್ಯವನ್ನೂ ಕುಡಿದಿದ್ದರೆ ಇನ್ನೂ ತಡ. ಹ್ಯಾಂಗೋವರ್‌ಗೆ ತಲೆ ನೋಯುತ್ತದೆ, ವಾಂತಿಯೂ ಆಗುತ್ತದೆ. ಕಣ್ಣು ಮಂಜಾಗುವುದಿಲ್ಲ.

ಪಕ್ಕದ ಮನೆಯವರು ಬ್ರಾಂದಿ ಕೊಡಿ ಅಂದರಂತಲ್ವಾ? ಅರ್ಧ ನಿಜ. ಮಾಮೂಲಿ ಆಲ್ಕೋಹಾಲ್ ಸಿಕ್ಕರೆ ಲಿವರ್ ಮೊದಲು ಅದನ್ನೇ ಹಿಡಿಯುತ್ತದೆ, ಹೊಸ ಆಸಿಡ್ ಆಗುವುದು ನಿಲ್ಲುತ್ತದೆ. ಆಸ್ಪತ್ರೆಯಲ್ಲೂ ಕೊಡುತ್ತಾರೆ, ಆದರೆ ಅಳತೆ ಮಾಡಿ, ರಕ್ತ ಪರೀಕ್ಷೆ ಮಾಡುತ್ತಾ. ಫೋಮೆಪಿಜೋಲ್ ಅನ್ನೋ ಔಷಧ ಇದಕ್ಕಿಂತ ಒಳ್ಳೆಯದು, ನಮ್ಮ ಕಡೆ ಸುಲಭಕ್ಕೆ ಸಿಗಲ್ಲ ಅಷ್ಟೇ. ಆಗಲೇ ಆಗಿರುವ ಆಸಿಡ್‌ಗೆ ಬ್ರಾಂದಿ ಏನೂ ಮಾಡುವುದಿಲ್ಲ. ಅದಕ್ಕೆ ಬೈಕಾರ್ಬನೇಟ್ ಡ್ರಿಪ್, ಫೋಲಿಕ್ ಆಸಿಡ್, ಜಾಸ್ತಿಯಾಗಿದ್ದರೆ ಡಯಾಲಿಸಿಸ್. ಹಾಗಾಗಿ ಡಯಾಲಿಸಿಸ್ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಅಂತ 108ರವರಿಗೆ ಹೇಳಿ. ಮನೆಯಲ್ಲಿ ಬ್ರಾಂದಿ ಕುಡಿಸಿ ಕಾಯಬೇಡಿ. ವಾಂತಿ ಮಾಡಿಸಲೂ ಹೋಗಬೇಡಿ.

ಸಾರಾಯಿ ಕುಡಿದದ್ದು, ಎಷ್ಟು ಗಂಟೆಗೆ ಅನ್ನೋದು, ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಪ್ಯಾಕೆಟ್ಟೋ ಬಾಟ್ಲಿಯೋ ಉಳಿದಿದ್ದರೆ ಜತೆಗೆ ತನ್ನಿ. ಮಾವನ ಜತೆ ಯಾರ್ಯಾರು ಕುಡಿದರು ಅಂತಲೂ ಈಗಲೇ ಕೇಳಿಟ್ಟುಕೊಳ್ಳಿ. ಅವರು ಆರಾಮಾಗಿ ಹೊಲದಲ್ಲಿ ಕೆಲಸ ಮಾಡುತ್ತಿದ್ದರೂ ಸರಿ, ಆಸ್ಪತ್ರೆಗೆ ಕಳಿಸಿ.