ಬೆಟಾಲಿಯನ್ ದೊಡ್ಡದೋ, ರೆಜಿಮೆಂಟ್ ದೊಡ್ಡದೋ?

ಪ್ರಶ್ನೆ: ನಮ್ಮ ಅಣ್ಣನ ಮಗ ಬೆಳಗಾವಿಯಲ್ಲಿ ತರಬೇತಿ ಮುಗಿಸಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿದ್ದಾನೆ. ಫೋನ್ ಮಾಡಿದಾಗ ಕಂಪನಿ, ಪಲ್ಟನ್, ಬ್ರಿಗೇಡ್ ಅಂತೆಲ್ಲ ಹೇಳುತ್ತಾನೆ. ಯಾವುದರೊಳಗೆ ಯಾವುದು? ರೆಜಿಮೆಂಟ್ ಎಲ್ಲಿ ಬರುತ್ತದೆ? ಅವನಿಗೆ ಪತ್ರ ಬರೆದರೆ ವಿಳಾಸದಲ್ಲಿ ಏನು ಹಾಕಬೇಕು?
– ಓದುಗರು, ಗೋಕಾಕ

ಉತ್ತರ: ಕೆಳಗಿನಿಂದ ಶುರು ಮಾಡೋಣ. ಕಾಲಾಳು ಪಡೆಯಲ್ಲಿ ಸುಮಾರು 10 ಜನರದ್ದು ಒಂದು ಸೆಕ್ಷನ್. ಅದರ ಮುಂದಾಳು ಹವಾಲ್ದಾರ್. ಮೂರು ಸೆಕ್ಷನ್ ಸೇರಿದರೆ ಪ್ಲಟೂನ್. ನಮ್ಮ ಸೇನೆಯಲ್ಲಿ ಪ್ಲಟೂನ್ ನಡೆಸುವವರು ಹೆಚ್ಚಾಗಿ ಸುಬೇದಾರರು, ನಾಯಬ್ ಸುಬೇದಾರರು. ಸಿಪಾಯಿಯಾಗಿ ಸೇರಿ, ವರ್ಷಗಟ್ಟಲೆ ದುಡಿದು ಮೇಲೆ ಬಂದವರು. ಅವರ ಬಗ್ಗೆ ಹೊರಗೆ ಮಾತು ತುಂಬಾ ಕಡಿಮೆ, ಜಾಸ್ತಿ ಆಗಬೇಕು. ಮೂರು ಪ್ಲಟೂನ್‌ಗೆ ಒಂದು ಕಂಪನಿ, ಸುಮಾರು 120 ಜನ, ಮೇಜರ್ ಕೈಕೆಳಗೆ. ನಾಲ್ಕು ರೈಫಲ್ ಕಂಪನಿಗಳ ಜೊತೆಗೆ ಮಾರ್ಟರ್‌ನಂಥ ಆಯುಧಗಳದ್ದೊಂದು, ಆಡಳಿತದ್ದೊಂದು ಕಂಪನಿ ಸೇರಿದರೆ ಬೆಟಾಲಿಯನ್. ಹೆಚ್ಚುಕಡಿಮೆ 800 ಜನ, ಮುಖ್ಯಸ್ಥರು ಕರ್ನಲ್. ನಿಮ್ಮ ಹುಡುಗ ಪಲ್ಟನ್ ಅನ್ನುವುದು ಇದನ್ನೇ, ಪ್ಲಟೂನನ್ನಲ್ಲ.

ಸೆಕ್ಷನ್, ಪ್ಲಟೂನ್ ಮೂರು ಮೂರೇ ಯಾಕೆ? ಎರಡು ಮುಂದೆ ಹೋದರೂ ಒಂದು ಮೀಸಲು ಉಳಿಯುತ್ತದೆ. ಗುಂಡಿನ ಸದ್ದಿನ ನಡುವೆ ಒಬ್ಬ ನಾಯಕ ಅದಕ್ಕಿಂತ ಹೆಚ್ಚಿನದನ್ನು ಸಂಭಾಳಿಸುವುದೂ ಕಷ್ಟ.

ಮೇಲಿನ ಮೆಟ್ಟಿಲುಗಳಿಗೆ ಕಾರ್ಗಿಲ್ ನೋಡಿ. 1999ರ ಜೂನ್‌ನಲ್ಲಿ ತೋಲೋಲಿಂಗ್ ಶಿಖರ ಹಿಡಿದದ್ದು 2 ರಾಜಪುತಾನಾ ರೈಫಲ್ಸ್ ಎಂಬ ಬೆಟಾಲಿಯನ್. ಅದು 56 ಮೌಂಟನ್ ಬ್ರಿಗೇಡಿನ ಕೆಳಗಿತ್ತು. ಆ ಬ್ರಿಗೇಡ್ 8 ಮೌಂಟನ್ ಡಿವಿಷನ್ನಿನ ಕೆಳಗೆ, ಡಿವಿಷನ್ 15ನೇ ಕೋರ್ ಕೆಳಗೆ, ಕೋರ್ ಉಧಂಪುರದ ಉತ್ತರ ಕಮಾಂಡ್ ಕೆಳಗೆ. ಬ್ರಿಗೇಡಿಗೆ ಬ್ರಿಗೇಡಿಯರ್, ಡಿವಿಷನ್ನಿಗೆ ಮೇಜರ್ ಜನರಲ್. ಕೋರ್, ಕಮಾಂಡ್ ಎರಡಕ್ಕೂ ಲೆಫ್ಟಿನೆಂಟ್ ಜನರಲ್.

ಈ ಸಾಲಿನಲ್ಲಿ ರೆಜಿಮೆಂಟ್ ಇಲ್ಲವೇ ಇಲ್ಲ, ನೋಡಿದಿರಾ? ತೋಲೋಲಿಂಗ್ ಮೇಲೆ ಮೊದಲು ದಾಳಿ ಮಾಡಿ ಅಪಾರ ಸಾವುನೋವು ಕಂಡದ್ದು 18 ಗ್ರೆನೇಡಿಯರ್ಸ್ ಎಂಬ ಇನ್ನೊಂದು ಬೆಟಾಲಿಯನ್. ರೆಜಿಮೆಂಟ್ ಬೇರೆಯಾದರೂ ಕಾದಾಡಿದ್ದು ಅದೇ ಬ್ರಿಗೇಡಿನಲ್ಲಿ. ಕಾಲಾಳು ಪಡೆಯಲ್ಲಿ ರೆಜಿಮೆಂಟ್ ಒಂದು ಮನೆತನ ಇದ್ದಂತೆ. ಹೆಸರು, ಬಿರುದು, ಯುದ್ಧಘೋಷ, ತರಬೇತಿ ಎಲ್ಲ ಅದರದ್ದು. ಮರಾಠಾದವರಿಗೆ ಆ ಮೂಲಮನೆ ಬೆಳಗಾವಿಯ ಕೇಂದ್ರ. ಆದರೆ ಅದರ ಬೆಟಾಲಿಯನ್‌ಗಳು ದೇಶದ ಬೇರೆಬೇರೆ ಬ್ರಿಗೇಡ್‌ಗಳಲ್ಲಿ ಹಂಚಿಹೋಗಿರುತ್ತವೆ. ಹಾಗಾಗಿ ರೆಜಿಮೆಂಟನ್ನು ಬ್ರಿಗೇಡಿನ ಪಕ್ಕ ಇಟ್ಟು ಅಳೆಯಬೇಡಿ. ಟ್ಯಾಂಕ್ ಮತ್ತು ಫಿರಂಗಿ ಪಡೆಯಲ್ಲಿ ಮಾತ್ರ ಬೇರೆ ಲೆಕ್ಕ. ಅಲ್ಲಿ ರೆಜಿಮೆಂಟ್ ಅಂದರೆ ಬೆಟಾಲಿಯನ್ ಮಟ್ಟದ ಒಂದೇ ಘಟಕ.

ವಿಳಾಸದಲ್ಲಿ ಅವನ ನಂಬರು, ರ‍್ಯಾಂಕು, ಹೆಸರು, ಕಂಪನಿ, ಬೆಟಾಲಿಯನ್ ಬರೆಯಿರಿ. ಬೆಟಾಲಿಯನ್ ಬರೆಯುವಾಗ ಸಂಖ್ಯೆ ಮೊದಲು, ರೆಜಿಮೆಂಟಿನ ಹೆಸರು ಆಮೇಲೆ. ಕೊನೆಗೆ ಊರಿನ ಬದಲು 56 ಎಪಿಒ ಅಥವಾ 99 ಎಪಿಒ, ಅವನು ಹೇಳಿದ್ದನ್ನು ಹಾಕಿ. ಅದು ಸೇನಾ ಅಂಚೆಯ ಸಂಖ್ಯೆ, ಬ್ರಿಗೇಡಿನದಲ್ಲ. ಬ್ರಿಗೇಡ್ ಯಾವುದು, ಎಲ್ಲಿದೆ ಎಂಬುದನ್ನು ಲಕೋಟೆಯ ಮೇಲೆ ಬರೆಯುವುದು ಬೇಡ, ವಾಟ್ಸಾಪ್ ಗುಂಪಿನಲ್ಲೂ ಹಾಕಬೇಡಿ.